ಕೋಡಿಯಿಂದ ಕೋಡಿಗೆ

ಧನುಷ್ಕೋಡಿಯ ಹೆಸರು ಕಿವಿಗೆ ಬಿದ್ದದ್ದೇ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಅಲ್ಲೂ ಒಂದ್ ಕೋಡಿ ಇತ್ತಾ ಮಗಾ?"

ಬಯಲುಸೀಮೆಯವರಿಗೆ ಕೆರೆ ತುಂಬಿ ಹರಿಯುವ ಜಾಗ ಕೋಡಿ. ಕುಂದಾಪುರದ ಕಡೆಯವರಾದ ನಮಗೆ ಅದು ಹೊಳೆ ಕಡಲು ಸೇರುವಲ್ಲಿ ನೀರಿನೊಳಕ್ಕೆ ಚಾಚಿದ ಮರಳಿನ ನಾಲಗೆ. ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದರಲ್ಲಿ ಕಡಲು, ನಡುವಿನ ಸಪೂರ ಜಾಗದಲ್ಲಿ ತೆಂಗು, ದೋಣಿ, ಒಣಹಾಕಿದ ಬಲೆ, ಒಂದಷ್ಟು ಮನೆ. ದೊಡ್ಡಮ್ಮ ಹುಟ್ಟಿದ್ದೂ ಮದುವೆಯಾಗಿ ಹೋದದ್ದೂ ಇಂಥ ಮರಳಿನ ಮೇಲೆಯೇ. ಗಂಡನ ಮನೆಯ ಪಡುಬದಿಯ ಹನ್ನೊಂದು ತೆಂಗಿನ ಮರಗಳನ್ನು ಮೂರು ಮಳೆಗಾಲದಲ್ಲಿ ಕಡಲು ತೆಗೆದುಕೊಂಡು ಹೋಯಿತು. ನಾಲ್ಕನೆಯ ಮಳೆಗಾಲದಲ್ಲಿ ಅಡುಗೆಮನೆ ಹೋಯಿತು. ಈಗ ಮಗನ ಜೊತೆ ಹೆದ್ದಾರಿಯ ಮೂಡುಬದಿಯ ಹೊಸ ಮನೆಯಲ್ಲಿದ್ದಾಳೆ. ರಾತ್ರಿ ಕಡಲಿನ ಸದ್ದು ಕೇಳದೆ ನಿದ್ದೆ ಹತ್ತುವುದಿಲ್ಲ ಎಂಬುದು ಆಕೆಯ ದೊಡ್ಡ ದೂರು. ಮನೆ ಹೋದದ್ದರ ಮಾತು ಅದರ ನಂತರ ಬರುತ್ತದೆ.

ಕಾಶಿಗೆ ಹೋಗಬೇಕೆಂಬುದು ಆಕೆಯ ಹಳೆಯ ಆಸೆ. ಅದಕ್ಕೊಂದು ಕ್ರಮವಿದೆ. ಮೊದಲು ಸೇತುವಿಗೆ, ಅಂದರೆ ಧನುಷ್ಕೋಡಿಗೆ, ಹೋಗಿ ಕಡಲಲ್ಲಿ ಮುಳುಗಿ ಅಲ್ಲಿಯ ಮರಳು ತರಬೇಕು, ಆ ಮರಳನ್ನು ಗಂಗೆಗೆ ಬಿಡಬೇಕು, ಗಂಗೆಯ ನೀರನ್ನು ತಂದು ರಾಮೇಶ್ವರನ ತಲೆಗೆ ಎರೆಯಬೇಕು. ಆಗ ಯಾತ್ರೆ ಪೂರ್ತಿಯಾದಂತೆ. ಮೊದಲನೆಯ ಕಂತಿಗೆ ಜೊತೆಗಾರನಾಗಿ ಹೊರಟವನು ನಾನು. ಬೆಂಗಳೂರಿನಲ್ಲಿ ತಮಿಳರ ವಠಾರದಲ್ಲಿ ಬಾಡಿಗೆಗಿದ್ದಾಗ ಕಲಿತ ಹರಕು ತಮಿಳೊಂದೇ ನನ್ನ ಯೋಗ್ಯತೆ. 2025ರ ಮೇ ತಿಂಗಳು. ಮಧುರೆಯ ಸ್ಟೇಷನ್ನಿನಲ್ಲಿ ಬೆಳಗಿನ ಏಳಕ್ಕೇ ಬೆನ್ನು ಒದ್ದೆ.

ಮಂಡಪಂ ದಾಟುತ್ತಿದ್ದಂತೆ ರೈಲಿನ ಎರಡೂ ಬದಿಯ ಕಿಟಕಿಗಳಲ್ಲಿ ನೀರು ತುಂಬಿಕೊಂಡಿತು. ನೆಲ ಎಲ್ಲಿ ಮುಗಿಯಿತು ಎಂದು ತಿಳಿಯಲೇ ಇಲ್ಲ. ಎಡಕ್ಕೆ ಹಸಿರು, ಬಲಕ್ಕೆ ನೀಲಿ, ಕೆಳಗೆ ಬಣ್ಣಬಣ್ಣದ ದೋಣಿಗಳು. ಬೋಗಿಯಲ್ಲಿದ್ದವರೆಲ್ಲ ಮೊಬೈಲ್ ಹಿಡಿದು ಬಾಗಿಲಿಗೆ ನುಗ್ಗಿದರು. ದೊಡ್ಡಮ್ಮ ಮಾತ್ರ ಕಿಟಕಿಯ ಸರಳಿಗೆ ಹಣೆ ಒತ್ತಿ ಕೆಳಗೇ ನೋಡುತ್ತಿದ್ದಳು. "ನೀರ್ ಎಷ್ಟ್ ಎಳೀತ್ ಕಾಣ್" ಅಂದಳು. ಅವಳ ಕಣ್ಣು ಬಣ್ಣಕ್ಕಿಂತ ಮೊದಲು ಸೆಳೆತವನ್ನು ನೋಡುತ್ತದೆ.

ಈ ಪಾಂಬನ್ ಸೇತುವೆ ಹೊಸದು, ನಾವು ಹೋಗುವ ಹಿಂದಿನ ತಿಂಗಳಷ್ಟೇ ತೆರೆದದ್ದು. ನಡುವಿನ 72.5 ಮೀಟರ್ ಉದ್ದದ ತುಂಡು ಹಡಗು ಬಂದಾಗ ಲಿಫ್ಟಿನ ಹಾಗೆ ನೆಟ್ಟಗೆ ಮೇಲೇರುತ್ತದೆ. ಮಗ್ಗುಲಲ್ಲೇ 1914ರ ಹಳೆಯ ಸೇತುವೆ, ನೂರು ವರ್ಷ ಉಪ್ಪುಗಾಳಿ ಕುಡಿದ ಕಬ್ಬಿಣ. 1964ರ ಚಂಡಮಾರುತ ಅದರ 145 ಉಕ್ಕಿನ ತೊಲೆಗಳಲ್ಲಿ 126ನ್ನು ಕಡಲಿಗೆ ಕೆಡವಿತ್ತು. ತಿಂಗಳುಗಟ್ಟಲೆ ಹಿಡಿಯಬಹುದೆಂದು ಎಲ್ಲರೂ ಅಂದುಕೊಂಡಿದ್ದ ದುರಸ್ತಿಯನ್ನು ಇ. ಶ್ರೀಧರನ್ ಎಂಬ ತರುಣ ಎಂಜಿನಿಯರ್ 46 ದಿನಗಳಲ್ಲಿ ಮುಗಿಸಿಕೊಟ್ಟರು. ಮುಂದೆ ಅವರೇ ಕೊಂಕಣ ರೈಲ್ವೆ ಕಟ್ಟಿಸಿ ನಮ್ಮ ಕುಂದಾಪುರಕ್ಕೂ ರೈಲು ತಂದವರು. ಸೇತುವೆ 46 ದಿನದಲ್ಲಿ ಎದ್ದು ನಿಂತಿತು. ಅದರಾಚೆ, ನೆಲದ ತುದಿಯಲ್ಲಿ ಅದೇ ಗಾಳಿಗೆ ಬಿದ್ದ ಧನುಷ್ಕೋಡಿ ಅರುವತ್ತು ವರ್ಷವಾದರೂ ಏಳಲಿಲ್ಲ. ಏಳಿಸಬೇಕಿತ್ತೇ ಎಂಬ ಪ್ರಶ್ನೆ ನನ್ನ ತಲೆಯೊಳಗೆ ಕೂತದ್ದು ಆ ಸೇತುವೆಯ ಮೇಲೆಯೇ.

ಮರುದಿನ ನಸುಕಿನಲ್ಲಿ ರಾಮೇಶ್ವರದಿಂದ ಆಟೋ ಹಿಡಿದೆವು. ಊರು ಮುಗಿದ ಮೇಲೆ ಗಾಳಿಮರದ ತೋಪು, ಬಳ್ಳಾರಿ ಜಾಲಿಯ ಪೊದೆ, ಅಲ್ಲೊಂದು ಇಲ್ಲೊಂದು ತಾಳೆಮರ. ಆಮೇಲೆ ಅದೂ ಇಲ್ಲ. ಮುಕುಂದರಾಯರ್ ಛತ್ರ ಎಂಬಲ್ಲಿಗೆ ಹಿಂದೆ ರಸ್ತೆ ಮುಗಿಯುತ್ತಿತ್ತು. ಮುಂದಕ್ಕೆ ಮರಳಿನಲ್ಲಿ ಹೂತು ಏಳುತ್ತ ಹೋಗುವ ಜೀಪು ವ್ಯಾನುಗಳೇ ಗತಿ. 2017ರಲ್ಲಿ ಅಲ್ಲಿಂದ ತುದಿಯವರೆಗೆ ಒಂಬತ್ತೂವರೆ ಕಿಲೋಮೀಟರ್ ಡಾಂಬರು ಬಿತ್ತು. ಚಾಕುವಿನಿಂದ ಗೀರಿದಷ್ಟು ನೇರ ರಸ್ತೆ. ಎರಡೂ ಅಂಚಿಗೆ ತಂತಿಬಲೆಯಲ್ಲಿ ಕಟ್ಟಿಟ್ಟ ಕಲ್ಲಿನ ಗೋಡೆ, ಗೋಡೆಯಾಚೆ ಕೈಗೆಟಕುವಷ್ಟು ಹತ್ತಿರ ಎರಡು ಕಡಲು.

ಎರಡೂ ಕಡಲೇ, ಆದರೆ ಒಂದರಂತೆ ಇನ್ನೊಂದಿಲ್ಲ. ಬಡಗಲ್ಲಿ ಪಾಕ್ ಕೊಲ್ಲಿ ತಟ್ಟೆಯಲ್ಲಿ ಹಾಕಿಟ್ಟ ಹಾಲಿನಂತೆ ಅಲುಗದೆ ಮಲಗಿತ್ತು. ತೆಂಕಲ್ಲಿ ಮನ್ನಾರ್ ಕೊಲ್ಲಿ ಕಡುನೀಲಿಯಾಗಿ ಎದ್ದು ಬಿದ್ದು ಉಗುಳುತ್ತಿತ್ತು. ಪುರಾಣದವರು ಇವುಗಳಿಗೆ ಮಹೋದಧಿ, ರತ್ನಾಕರ ಎಂದು ಹೆಸರಿಟ್ಟರು. ಮೀನು ಹಿಡಿಯುವವರು ಒಂದನ್ನು ಹೆಣ್ಣು ಕಡಲು, ಇನ್ನೊಂದನ್ನು ಗಂಡು ಕಡಲು ಅನ್ನುತ್ತಾರೆ. ಆಟೋದವನು ಬೆರಳು ತೋರಿಸಿ "ಪೆಣ್ ಕಡಲ್, ಆಣ್ ಕಡಲ್" ಎಂದಾಗ ದೊಡ್ಡಮ್ಮನಿಗೆ ನಾನು ಅರ್ಥ ಹೇಳಬೇಕಾಗಲಿಲ್ಲ. ಬೊಬ್ಬೆ ಹೊಡೆಯುವುದು ಯಾವುದೆಂದು ನೋಡಿ ಆಕೆ ನಕ್ಕಳು.

ಊರು ಬಂತು. ಬಂತು ಅನ್ನುವುದಕ್ಕಿಂತ, ಊರು ಇದ್ದ ಜಾಗ ಬಂತು.

ರಸ್ತೆಯ ಬದಿಯಲ್ಲಿ ಒಂದು ಚರ್ಚು. ಮಾಡು ಇಲ್ಲ; ಗೋಡೆಗಳು ಆಕಾಶಕ್ಕೆ ಬಾಯ್ತೆರೆದು ನಿಂತಿವೆ. ಹತ್ತಿರ ಹೋಗಿ ಗೋಡೆಗೆ ಕೈಯಿಟ್ಟೆ. ಗಾರೆ ಉದುರಿದ ಕಡೆ ಒಳಗಿನ ಕಲ್ಲು ಕಾಣುತ್ತಿತ್ತು, ಜೇನುಹುಟ್ಟಿನಂತೆ ತೂತು ತೂತು. ಕೆಲವದರ ಮೇಲೆ ಹೂವಿನ ಎಸಳಿನಂಥ ಗೆರೆಗಳು. ಹವಳದ ಕಲ್ಲು! ಕಡಲೊಳಗಿನ ಜೀವಿಗಳು ಸಾವಿರಾರು ವರ್ಷ ಕಟ್ಟಿದ ಮನೆಯನ್ನು ಕಿತ್ತು ತಂದು ಮನುಷ್ಯರು ದೇವರಿಗೆ ಮನೆ ಕಟ್ಟಿದ್ದಾರೆ. ನೀರೊಳಗೆ ಇದ್ದಾಗ ಇದೇ ಹವಳ ಅಲೆಯ ಸೊಕ್ಕು ಮುರಿಯುವ ಗೋಡೆಯಾಗಿತ್ತು. ಮನ್ನಾರ್ ಕೊಲ್ಲಿಯ ಕಡಲ ಉದ್ಯಾನದಲ್ಲಿ 21 ಪುಟ್ಟ ದ್ವೀಪಗಳಿದ್ದವು. ಎರಡು ಈಗಾಗಲೇ ನೀರಡಿ ಹೋಗಿವೆ. ಸುಣ್ಣಕ್ಕೂ ಕಟ್ಟಡಕ್ಕೂ ಹವಳ ಅಗೆದದ್ದು ಅದಕ್ಕೊಂದು ಕಾರಣ.

ಅತ್ತ ರೈಲ್ವೆಯ ನೀರಿನ ಟ್ಯಾಂಕಿನ ಕಂಬಗಳು, ಇತ್ತ ಸ್ಟೇಷನ್ನಿನ ಕಮಾನು, ಇನ್ನೊಂದೆಡೆ ಅಂಚೆ ಕಚೇರಿ ಎಂದು ಹೇಳುವ ಮೋಟುಗೋಡೆ. ಇದು ಯಾರೂ ಬಾರದ ಮೂಲೆಯಾಗಿರಲಿಲ್ಲ. 1914ರಿಂದ ಇಲ್ಲಿಗೆ ಮದ್ರಾಸಿನಿಂದ ಬೋಟ್ ಮೇಲ್ ಬರುತ್ತಿತ್ತು. ರೈಲು ಇಳಿದವರು ಹಡಗು ಹತ್ತಿ ಸುಮಾರು 30 ಕಿಲೋಮೀಟರ್ ಆಚೆಯ ತಲೈಮನ್ನಾರಿಗೆ ಹೋಗಿ, ಅಲ್ಲಿಂದ ಮತ್ತೆ ರೈಲಲ್ಲಿ ಕೊಲಂಬೊ ಸೇರುತ್ತಿದ್ದರು. ಸುಂಕದ ಕಟ್ಟೆ, ಬಂದರು ಕಚೇರಿ, ರೈಲ್ವೆ ಆಸ್ಪತ್ರೆ, ಶಾಲೆ ಎಲ್ಲವೂ ಈ ಮರಳಿನ ಮೇಲಿತ್ತು.

1964ರ ಡಿಸೆಂಬರ್ 22ರ ರಾತ್ರಿ. ಅಂಡಮಾನಿನ ಕಡೆ ಹುಟ್ಟಿದ ಗಾಳಿ ಸಿಂಹಳವನ್ನು ಹಾದು ಇತ್ತ ತಿರುಗಿತ್ತು. ಪಾಕ್ ಕೊಲ್ಲಿ ಬಹಳ ಆಳವಿಲ್ಲ. ಆಳದ ಕಡಲಲ್ಲಿ ಗಾಳಿ ನೂಕಿದ ನೀರು ಅಡಿಯಿಂದ ಜಾರಿ ಹಿಂದಕ್ಕೆ ಹೋಗುತ್ತದೆ. ಆಳವಿಲ್ಲದಲ್ಲಿ ಹಿಂದಕ್ಕೆ ಹೋಗಲು ದಾರಿ ಸಾಲದೆ ನೀರಿನ ಮೇಲೆ ನೀರು ಕೂತು ಎತ್ತರವಾಗುತ್ತದೆ. ಹಾಲಿನಂತೆ ಮಲಗಿದೆ ಎಂದು ನಾನು ಮೆಚ್ಚಿಕೊಂಡ ಆ ಹೆಣ್ಣು ಕಡಲೇ ಅಂದು ಏಳು ಮೀಟರಿನಷ್ಟು ಎದ್ದು ಬಂದದ್ದು ಹೀಗೆ. ರಾತ್ರಿ 11.55ಕ್ಕೆ ಪಾಂಬನ್ನಿನಿಂದ ಹೊರಟ 653ನೇ ನಂಬರಿನ ಪ್ಯಾಸೆಂಜರ್ ರೈಲು ಧನುಷ್ಕೋಡಿಯ ಹತ್ತಿರ ಹತ್ತಿರ ಬಂದಿತ್ತು. ಸಿಗ್ನಲ್ ಕಾಣಲಿಲ್ಲ. ಡ್ರೈವರ್ ಸ್ವಲ್ಪ ಹೊತ್ತು ಕಾದ, ಶಿಳ್ಳೆ ಹಾಕಿದ, ಕೊನೆಗೆ ಕತ್ತಲಲ್ಲೇ ಮುಂದೆ ಬಿಟ್ಟ. ಲೆಕ್ಕಕ್ಕೆ ಸಿಕ್ಕವರು 110 ಪ್ರಯಾಣಿಕರು, ಐವರು ಸಿಬ್ಬಂದಿ. ಒಬ್ಬರೂ ಉಳಿಯಲಿಲ್ಲ. ಆ ಚಂಡಮಾರುತಕ್ಕೆ ಒಟ್ಟು 1,800 ಜನ ಸತ್ತರೆಂದು ಅಂದಾಜು.

ಮದ್ರಾಸ್ ಸರ್ಕಾರ ಈ ಊರು ವಾಸಕ್ಕೆ ಯೋಗ್ಯವಲ್ಲ ಎಂದು ಘೋಷಿಸಿತು. ಉಳಿದವರಲ್ಲಿ ಹೆಚ್ಚಿನವರು ರಾಮೇಶ್ವರದ ಕಡೆ ನಡೆದರು.

ಈ ಕಥೆಯನ್ನು ನಾನು ಸ್ಟೇಷನ್ನಿನ ನೆರಳಲ್ಲಿ ಕೂತು ದೊಡ್ಡಮ್ಮನಿಗೆ ಹೇಳಿ ಮುಗಿಸುವಷ್ಟರಲ್ಲಿ ಆಕೆಯ ಕಣ್ಣು ಬೇರೆಲ್ಲೋ ಹೋಗಿತ್ತು. ಗೋಡೆಗಳ ಹಿಂದೆ, ಜಾಲಿಯ ಮರೆಯಲ್ಲಿ, ತಾಳೆಗರಿಯ ಗುಡಿಸಲುಗಳ ಸಾಲು. ಗರಿಯ ಮಾಡಿನ ಮೇಲೆ ಸೋಲಾರ್ ಹಲಗೆ, ಹಗ್ಗದ ಮೇಲೆ ಮಕ್ಕಳ ಯೂನಿಫಾರ್ಮ್. ವಾಸಕ್ಕೆ ಯೋಗ್ಯವಲ್ಲದ ಊರಿನಲ್ಲಿ ಬಟ್ಟೆ ಒಣಗುತ್ತಿತ್ತು. ಮಕ್ಕಳಿಗೆ ಒಂದು ಸರ್ಕಾರಿ ಶಾಲೆಯೂ ಇದೆ.

ಒಬ್ಬ ಹೆಂಗಸು ಕೊಡ ಹಿಡಿದು ಮರಳಿನ ಗುಂಡಿಯೊಂದರ ಅಂಚಿಗೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಐವತ್ತರ ಪ್ರಾಯವಿದ್ದೀತು. ಗುಂಡಿ ಸೊಂಟದ ಆಳಕ್ಕಿಂತ ಕಡಿಮೆ. ಕಡಲು ಅಲ್ಲಿಂದ ನೂರು ಹೆಜ್ಜೆಯೂ ಇಲ್ಲ. ತಳದಲ್ಲಿ ತೊಟ್ಟು ತೊಟ್ಟಾಗಿ ಜಿನುಗಿದ ನೀರನ್ನು ಆಕೆ ತೆಂಗಿನ ಕರಟದಿಂದ ಮೊಗೆದು, ಮರಳು ಕದಡದ ಹಾಗೆ ಕೊಡಕ್ಕೆ ಸುರಿಯುತ್ತಿದ್ದಳು. ಕರಟ ಇಳಿಯುವುದು, ನೀರು ತುಂಬಿಕೊಳ್ಳುವವರೆಗೆ ಕಾಯುವುದು, ಏಳುವುದು. ಆತುರವೇ ಇಲ್ಲ. ದೊಡ್ಡಮ್ಮ ನಿಂತು ನೋಡಿದಳು. ಆಮೇಲೆ ನನ್ನನ್ನು ಕೇಳದೆ ಹೋಗಿ ಎದುರಿಗೆ ಕೂತು ಬೊಗಸೆ ಒಡ್ಡಿದಳು. ಆ ಹೆಂಗಸು ಕರಟ ಬಗ್ಗಿಸಿದಳು. ದೊಡ್ಡಮ್ಮ ಕುಡಿದಳು, ತಿರುಗಿ ನನ್ನ ಮುಖ ನೋಡಿದಳು. "ಸೀ ನೀರ್!"

ನಾನೂ ಕುಡಿದೆ. ನಿಜವಾಗಿಯೂ ಸಿಹಿ. ಬೆಂಗಳೂರಿನ ನಮ್ಮ ಬೋರ್‌ವೆಲ್ಲಿನ ನೀರಿಗಿಂತ ಎಷ್ಟೋ ವಾಸಿ.

"ಊತ್ತು" ಅಂದಳು ಆ ಹೆಂಗಸು, ಗುಂಡಿ ತೋರಿಸಿ. ನಾವು ಒರತೆ ಅನ್ನುವುದು. ಎರಡು ಉಪ್ಪು ಕಡಲುಗಳ ನಡುವಿನ ಮರಳಲ್ಲಿ ಸಿಹಿನೀರು ಇರುವ ಗುಟ್ಟು ಪವಾಡದ್ದಲ್ಲ. ಬಿದ್ದ ಮಳೆ ಮರಳಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತ ನಿಲ್ಲುತ್ತದೆ. ಕಡಲಿನ ಮಟ್ಟಕ್ಕಿಂತ ಒಂದಡಿ ಮೇಲಕ್ಕೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇದೆಯೆಂದು ಲೆಕ್ಕ. ಆದರೆ ಮೇಲಿನ ಒಂದಡಿ ತೆಗೆದರೆ ಕೆಳಗಿನಿಂದ ಉಪ್ಪು 40 ಅಡಿ ಏರಿಬಿಡುತ್ತದೆ. ಪಂಪು ಇಟ್ಟು ಎಳೆದರೆ ಮುಗಿಯಿತು. ಅದಕ್ಕೇ ಕರಟ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ, ಆಕೆ ಹೇಳಿದ್ದು ಇಷ್ಟೇ: "ಜಾಸ್ತಿ ಕೇಳಿದರೆ ಉಪ್ಪು ಕೊಡುತ್ತಾಳೆ."

ಅಲ್ಲಿಂದ ಮುಂದೆ ನನ್ನ ಹರಕು ತಮಿಳಿಗೆ ಹೆಚ್ಚು ಕೆಲಸ ಬೀಳಲಿಲ್ಲ. ಗುಡಿಸಲಿನ ಮುಂದೆ ಹಳೆಯ ಬಲೆ ಹಾಸಿ ಮೀನು ಒಣಹಾಕಿದ್ದರು. ದೊಡ್ಡಮ್ಮ ಒಂದನ್ನೆತ್ತಿ ಮೂಸಿ "ಬೈಗಿ" ಅಂದಳು. ಆಕೆ "ಸಾಳೈ" ಅಂದಳು. ದೊಡ್ಡಮ್ಮ ಕಿವಿರು ಬಿಡಿಸಿ ನೋಡಿ ಉಪ್ಪು ಕಡಿಮೆ ಎಂದು ಕೈಯಲ್ಲೇ ಹೇಳಿದಳು. ಆಕೆ ಬಿಸಿಲು ತೋರಿಸಿ, ಈ ಬಿಸಿಲಿಗೆ ಇಷ್ಟು ಸಾಕು ಎಂದು ಕೈಯಲ್ಲೇ ವಾದಿಸಿದಳು. ಇಬ್ಬರೂ ಜೀವಮಾನವಿಡೀ ಬುಟ್ಟಿ ಹೊತ್ತವರು. ನನಗೆ ಅಲ್ಲಿ ಜಾಗವಿರಲಿಲ್ಲ.

ತೆಂಕಣ ದಂಡೆಯಲ್ಲಿ ಕೂಗು ಎದ್ದಿತು. ಕರೈವಲೈ ಎಳೆಯುತ್ತಿದ್ದರು. ದೋಣಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರಾಕಾರ ಬಿಟ್ಟು ಬಂದಮೇಲೆ ಎರಡು ತುದಿಯ ಹಗ್ಗವನ್ನು ದಡದಲ್ಲಿ ನಿಂತು ಎಳೆಯುವ ಕೆಲಸ. ನಮ್ಮ ಕೈರಂಪಣಿಯೇ! ಪರ್ಸೀನ್ ಬೋಟುಗಳು ಬಂದು ನಮ್ಮ ಕಡೆ ದೊಡ್ಡ ರಂಪಣಿಗಳು ಮೂಲೆಗೆ ಬಿದ್ದು ಎಷ್ಟೋ ವರ್ಷವಾಯಿತು. ಹಗ್ಗಕ್ಕೆ ಇಪ್ಪತ್ತು ಇಪ್ಪತ್ತೈದು ಜನ, ಗಂಡಸರು ಹೆಂಗಸರು ಎಂಬ ಭೇದವಿಲ್ಲ, ಸೊಂಟಕ್ಕೆ ಪಟ್ಟಿ ಬಿಗಿದು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದರು. ಯಾವಾಗ ಸೆರಗು ಬಿಗಿದಳೋ ಗೊತ್ತಿಲ್ಲ, ನೋಡುವಾಗ ದೊಡ್ಡಮ್ಮ ಸಾಲಿನಲ್ಲಿದ್ದಳು. ಮಂಡಿನೋವಿಗೆ ದಿನಕ್ಕೆರಡು ಮಾತ್ರೆ ನುಂಗುವ ಅರುವತ್ತೆಂಟರ ಹೆಂಗಸು ಅವರ ಕೂಗಿಗೆ ನಮ್ಮೂರ ಕೂಗು ಸೇರಿಸಿ ಎಳೆಯುತ್ತಿದ್ದಳು. ಯಾರೂ ಬೇಡ ಅನ್ನಲಿಲ್ಲ. ಬಲೆ ದಡಕ್ಕೆ ಬಂದಾಗ ಒಳಗೆ ಬೆಳ್ಳಿ ಕುದಿಯುತ್ತಿತ್ತು. ಹೆಚ್ಚಿಲ್ಲ, ಐದಾರು ಬುಟ್ಟಿ. ಹಗ್ಗ ಮುಟ್ಟಿದವರಿಗೆ ಪಾಲು ಎಂಬುದು ಅಲ್ಲಿಯೂ ಇದೆ. ಲಾಡ್ಜಿನಲ್ಲಿ ಹಸಿಮೀನು ಏನು ಮಾಡುವುದು ಎಂದು ನಾನು ತಲೆ ಕೆರೆದುಕೊಂಡಾಗ ಆ ಹೆಂಗಸು ಅದಕ್ಕೆ ಬದಲಾಗಿ ಒಣಮೀನಿನ ಒಂದು ಕಟ್ಟು ತಂದುಕೊಟ್ಟಳು. ಕರುವಾಡು.

ಗುಡಿಸಲಿನ ನೆರಳಲ್ಲಿ ಕೂತಾಗ ನಾನು ಕೇಳಿಯೇಬಿಟ್ಟೆ. ಇಲ್ಲಿ ಮತ್ತೆ ಊರು ಕಟ್ಟಬೇಕೇ, ಅಕ್ಕಾ? ಸಿಮೆಂಟಿನ ಮನೆ, ಅಂಗಡಿಬೀದಿ, ರೈಲು?

ಆಕೆ ಮಾಡಿನ ಗರಿಯತ್ತ ತಲೆಯೆತ್ತಿದಳು. ಇನ್ನು ಸ್ವಲ್ಪ ದಿನದಲ್ಲಿ ಕಚ್ಚಾನ್ ಗಾಳಿ ಶುರುವಾಗುತ್ತದೆ, ಈ ಗಂಡು ಕಡಲು ಹತ್ತಿರ ಸೇರಿಸುವುದಿಲ್ಲ. ಆಗ ಇದನ್ನೆಲ್ಲ ಬಿಚ್ಚಿ ಬಡಗಣ ದಂಡೆಗೆ ಹೋಗುತ್ತೇವೆ. ವಾಡೈ ಗಾಳಿ ಎದ್ದಾಗ ಮತ್ತೆ ಇತ್ತ. ಬಿಚ್ಚಿ ಕಟ್ಟಲು ಎರಡು ದಿನ. ಸಿಮೆಂಟಿನ ಮನೆಯನ್ನು ಯಾರು ಹೊರುತ್ತಾರೆ?

ನಾನು ಬರೆದುಕೊಳ್ಳಲು ಪುಸ್ತಕ ತೆಗೆದೆ. ಎಂಥ ಮಾತು ಎಂದು ಒಳಗೇ ಹಿಗ್ಗಿದ್ದೆ. ಆಕೆ ಅಷ್ಟಕ್ಕೆ ನಿಲ್ಲಿಸಲಿಲ್ಲ. ಮಗಳಿಗೆ ನೋವು ಶುರುವಾದದ್ದು ರಾತ್ರಿ ಹತ್ತಕ್ಕೆ. ರಾಮೇಶ್ವರದಿಂದ ಗಾಡಿ ಬರುವಷ್ಟರಲ್ಲಿ ಇದೇ ಚಾಪೆಯ ಮೇಲೆ ಹೆರಿಗೆಯಾಯಿತು. ಕರೆಂಟಿಲ್ಲ, ಡಾಕ್ಟರಿಲ್ಲ. ಹಿಡಿದ ಮೀನಿಗೆ ಐಸಿಲ್ಲ, ಮಧ್ಯಾಹ್ನದ ಒಳಗೆ ವ್ಯಾಪಾರಿ ಹೇಳಿದ ರೇಟಿಗೆ ಕೊಡಬೇಕು. ಕೇಳಿದರೆ, ಇಲ್ಲಿ ಯಾರೂ ಇರಬಾರದು ಎಂದು ಕಾಗದದಲ್ಲಿ ಇದೆಯಂತೆ. "ಇರಬಾರದು ಅನ್ನುವವರು ವೋಟಿಗೆ ಮಾತ್ರ ಬರುತ್ತಾರೆ." ನಾನು ಪುಸ್ತಕ ಮುಚ್ಚಿದೆ. ಹಗುರವಾಗಿ ಬದುಕುವ ಕಲೆ ಎಂದು ಬರೆಯಲು ಹೊರಟಿದ್ದೆ. ಅದನ್ನು ಬರೆಯುವವನ ಹೆಂಡತಿ ನರ್ಸಿಂಗ್ ಹೋಮಿನಲ್ಲಿ ಹೆತ್ತವಳು.

ಕಡಲು ಕೊಂಡುಹೋದಲ್ಲಿ ಮತ್ತೆ ಊರು ಕಟ್ಟಬೇಕೇ ಎಂಬ ಪ್ರಶ್ನೆಗೆ ನಮ್ಮ ದೇಶದ ಕರಾವಳಿಗಳಲ್ಲಿ ಬೇರೆ ಬೇರೆ ಉತ್ತರ ಕೊಟ್ಟು ನೋಡಿದ್ದಾರೆ. 2004ರ ಸುನಾಮಿಯಲ್ಲಿ ಇಲ್ಲಿಂದ ಬಡಗಿನ ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ತಮಿಳುನಾಡು ಸರ್ಕಾರ ಕಡಲಿನಿಂದ 200 ಮೀಟರ್ ಎಂದು ಗೆರೆ ಎಳೆಯಿತು. ಆಚೆಗೆ ಬಂದವರಿಗೆ ಹೊಸ ಮನೆ. ಈಚೆಗೇ ಉಳಿಯುತ್ತೇವೆ ಅನ್ನುವವರು ತಮ್ಮ ಖರ್ಚಿನಲ್ಲಿ ರಿಪೇರಿ ಮಾಡಿಕೊಳ್ಳಲಿ. ಜೀವದ ಲೆಕ್ಕದಲ್ಲಿ ಗೆರೆ ಸರಿಯೇ. ಆದರೆ ಮೀನುಗಾರನ ಹೊಟ್ಟೆ ಗೆರೆಯ ಈಚೆಗಿದೆ. ದೋಣಿ, ಬಲೆ, ಎಂಜಿನ್ ದಡದಲ್ಲಿ. ಕಾವಲಿಗೆ ಒಬ್ಬ ಅಲ್ಲೇ ಮಲಗಬೇಕು. ಮನೆಯ ಬಾಗಿಲಲ್ಲಿ ನಿಂತು ನೀರಿನ ಬಣ್ಣ ನೋಡಿ ದೋಣಿ ಇಳಿಸುತ್ತಿದ್ದವನಿಗೆ ಕಾಲನಿಯ ಎರಡನೆಯ ಸಾಲಿನಿಂದ ಕಡಲೇ ಕಾಣುವುದಿಲ್ಲ. ದೊಡ್ಡಮ್ಮನ ನಿದ್ದೆಯ ದೂರನ್ನು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ದೊಡ್ಡಪ್ಪ ಇದ್ದಾಗ ಆ ಸದ್ದು ಕೇಳಿಯೇ ನಾಳೆ ಕಡಲಿಗೆ ಹೋಗಬಹುದೇ ಎಂದು ಆಕೆ ಹೇಳುತ್ತಿದ್ದದ್ದು ನೆನಪಾಯಿತು.

ನಮ್ಮ ಕಡೆಯ ಉತ್ತರ ಕಲ್ಲು. ಲಾರಿ ಲಾರಿ ಕಗ್ಗಲ್ಲು ತಂದು ಸುರಿಯುವುದು, ಎರಡು ಮಳೆಗಾಲಕ್ಕೆ ಅದು ಮರಳಲ್ಲಿ ಇಳಿದುಹೋಗುವುದು, ಮತ್ತೆ ಸುರಿಯುವುದು. ದಡದುದ್ದಕ್ಕೆ ಸಾಗಿಹೋಗುವ ಮರಳನ್ನು ಒಂದು ಕಡೆ ತಡೆದರೆ ಮುಂದಿನ ಊರಿಗೆ ಮರಳು ತಪ್ಪುತ್ತದೆ. ಕಡಲು ಅಲ್ಲಿ ಅಗೆಯತೊಡಗುತ್ತದೆ. ಉಳ್ಳಾಲದಲ್ಲಿ ತಡೆ ಕಟ್ಟಿದ ಮೇಲೆ ಸೋಮೇಶ್ವರ ಉಚ್ಚಿಲದವರು ಮಳೆಗಾಲ ಬಂತೆಂದರೆ ಎದೆ ಹಿಡಿದು ಕೂರುತ್ತಾರೆ. ದೊಡ್ಡಮ್ಮನ ಅಡುಗೆಮನೆಯ ಮುಂದೆಯೂ ಕಲ್ಲು ಹಾಕಿದ್ದರು. ಈಗ ಅಡುಗೆಮನೆಯಿಲ್ಲ, ಕಲ್ಲಿದೆ.

ಧನುಷ್ಕೋಡಿಗೆ ಸಿಕ್ಕ ಉತ್ತರ ಮೂರನೆಯದು: ಹೌದೂ ಅಲ್ಲ, ಇಲ್ಲವೂ ಅಲ್ಲ. ಊರು ಕಟ್ಟಲಿಲ್ಲ, ಇದ್ದವರನ್ನು ಕರೆದುಕೊಂಡೂ ಹೋಗಲಿಲ್ಲ. ರಸ್ತೆ ಮಾತ್ರ ಬಂತು, ನಮ್ಮಂಥವರಿಗೆ. 2019ರಲ್ಲಿ ರಾಮೇಶ್ವರದಿಂದ ಇಲ್ಲಿಗೆ ಮತ್ತೆ ರೈಲು ತರಲು ಶಂಕುಸ್ಥಾಪನೆಯೂ ನಡೆಯಿತು. 17 ಕಿಲೋಮೀಟರಿಗೆ 208 ಕೋಟಿ ರೂಪಾಯಿ. ಪರಿಸರದ ಆಕ್ಷೇಪಗಳು ಎದ್ದು ಕೆಲಸ ಮುಂದಕ್ಕೆ ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು ಎಂದು ನನ್ನ ಎಣಿಕೆ. ಸ್ಟೇಷನ್ ಬಂದರೆ ಲಾಡ್ಜು ಬರುತ್ತದೆ, ಲಾಡ್ಜಿಗೆ ನೀರು ಬೇಕು, ನೀರಿಗೆ ಪಂಪು. ಆ ಹೆಂಗಸಿನ ಒರತೆ ಕೆಡಲು ಚಂಡಮಾರುತವೇ ಬರಬೇಕೆಂದಿಲ್ಲ.

ಹಾಗಂತ ಗುಡಿಸಲುಗಳನ್ನೂ ಎತ್ತಂಗಡಿ ಮಾಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. 1964ರಲ್ಲಿ ಜನ ಮಲಗಿದ್ದಲ್ಲೇ ಸತ್ತರು. 2020ರ ಡಿಸೆಂಬರಿನಲ್ಲಿ ಬುರೇವಿ ಚಂಡಮಾರುತ ಇತ್ತಲೇ ಬರುತ್ತಿದೆಯೆಂದು ಗೊತ್ತಾದಾಗ ಇಲ್ಲಿನ ಮೀನುಗಾರ ಕುಟುಂಬಗಳನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಸಾಗಿಸಿದರು. ಗಾಳಿಯ ಸುದ್ದಿ ಎರಡು ದಿನ ಮೊದಲೇ ಬರುವ ಕಾಲದಲ್ಲಿ, ಎರಡು ದಿನದಲ್ಲಿ ಮತ್ತೆ ಕಟ್ಟಬಹುದಾದ ಮನೆಯಲ್ಲಿ ಇರುವವರು ಹುಚ್ಚರಲ್ಲ. ಅವರಿಗೆ ಬೇಕಾದ್ದು ರಾತ್ರಿ ಓಡಾಡುವ ಒಂದು ಆಂಬುಲೆನ್ಸ್, ಒಬ್ಬ ದಾದಿ, ಐಸ್ ಪೆಟ್ಟಿಗೆ, ಗಟ್ಟಿಯಾದ ಒಂದು ಆಸರೆ ಕಟ್ಟಡ. ನಾವು ಕೊಟ್ಟದ್ದು ಸೆಲ್ಫಿ ತೆಗೆಯಲು ನುಣುಪಾದ ರಸ್ತೆ.

ರಸ್ತೆಯ ತುದಿಗೆ ಅರಿಚ್ಚಲ್ ಮುನೈ. ಅರಿಚ್ಚಲ್ ಎಂದರೆ ಕೊರೆತ, ಮುನೈ ನಮ್ಮ ಮೊನೆಯೇ. ಕೊರೆತದ ಮೊನೆ! ಜನ ಪಾರ್ಕು, ವೃತ್ತ, ಮಾರ್ಗಗಳಿಗೆ ಏನೇನೋ ಹೆಸರಿಡುತ್ತಾರೆ. ಇಲ್ಲಿಯವರು ನೆಲಕ್ಕೆ ಅದರ ಜಾತಕವನ್ನೇ ಹೆಸರಾಗಿ ಇಟ್ಟಿದ್ದಾರೆ. ನಾಲ್ಕು ಸಿಂಹದ ಸ್ತಂಭವೊಂದು ನಿಂತಿದೆ, ಅದಕ್ಕೆ ಸುತ್ತು ಹಾಕಿ ವಾಹನಗಳು ತಿರುಗುತ್ತವೆ. ಮುಂದೆ ನೆಲವಿಲ್ಲ. ಮರಳು ಸಪೂರವಾಗುತ್ತ ಹೋಗಿ, ಎಡದ ಅಲೆಯೂ ಬಲದ ಅಲೆಯೂ ಒಂದರ ಮೇಲೊಂದು ಬಿದ್ದು ಹೆಣೆದುಕೊಳ್ಳುವಲ್ಲಿ ಕಣ್ಣಿಗೆ ಕಾಣದಾಗುತ್ತದೆ. ಅಲ್ಲಿ ನಿಂತರೆ ಎರಡು ಕಾಲಿಗೆ ಎರಡು ಬೇರೆ ಬಿಸಿ. ಆಚೆ ನೀರಿನಲ್ಲಿ ಅಲ್ಲಲ್ಲಿ ಮರಳದಿಬ್ಬಗಳು ಬೆನ್ನು ತೋರಿಸಿ ಮುಳುಗುತ್ತಿದ್ದವು, ಲಂಕೆಯ ದಿಕ್ಕಿಗೆ ಹೊರಟ ಆನೆಗಳ ಸಾಲಿನಂತೆ. ಜೇಬಿನಲ್ಲಿ ಮೊಬೈಲ್ ಗುಂಯ್‌ಗುಟ್ಟಿತು: ಶ್ರೀಲಂಕಾಕ್ಕೆ ಸ್ವಾಗತ. ಇಷ್ಟು ದೊಡ್ಡ ಆಕಾಶದ ಕೆಳಗೆ, ಇಷ್ಟು ಸಣ್ಣ ನೆಲದ ಮೇಲೆ ನಾನು ಹಿಂದೆಂದೂ ನಿಂತಿರಲಿಲ್ಲ. ಮಾತಾಡಬೇಕೆನಿಸಲಿಲ್ಲ.

ದೊಡ್ಡಮ್ಮ ಮೂರು ಮುಳುಗು ಹಾಕಿ ಎದ್ದು, ಒದ್ದೆ ಸೆರಗಿನ ತುದಿಗೆ ಎರಡು ಹಿಡಿ ಮರಳು ಕಟ್ಟಿಕೊಂಡಳು. ಸುತ್ತ ಕಾಶಿಯಾತ್ರೆಯ ಸಂಕಲ್ಪದವರು ಡಬ್ಬಿಗಳಿಗೆ, ಪ್ಲಾಸ್ಟಿಕ್ ಕೊಟ್ಟೆಗಳಿಗೆ ಮರಳು ತುಂಬುತ್ತಿದ್ದರು. ಕೊರೆತದ ಮೊನೆಯಿಂದ ಹಿಡಿ ಹಿಡಿಯಾಗಿ ಗಂಗೆಗೆ ಸಾಗುವ ಈ ಮರಳಿನ ಲೆಕ್ಕವನ್ನು ಯಾವ ಭೂವಿಜ್ಞಾನಿಯೂ ಇಟ್ಟಿರಲಾರ.

ಸಂಜೆಯಾಗುತ್ತಿದ್ದಂತೆ ಪೊಲೀಸರು ಸೀಟಿ ಊದಿದರು. ಕತ್ತಲಾದ ಮೇಲೆ ಹೊರಗಿನವರು ಇರುವಂತಿಲ್ಲ. ಮೀನು ಹುರಿಯುವ ಅಂಗಡಿಗಳು ಒಲೆ ಆರಿಸಿದವು, ಶಂಖದ ಸರ ಮಾರುವ ಹುಡುಗರು ಚೀಲ ಕಟ್ಟಿದರು. ಸಾಲುಗಟ್ಟಿ ಹೊರಟ ಆಟೋ, ಕಾರು, ಬಸ್ಸುಗಳ ನಡುವೆ ನಮ್ಮದೂ ಒಂದು. ವಾಸಕ್ಕೆ ಯೋಗ್ಯವಲ್ಲ ಎಂಬ ಮಾತು ನಮಗೆ ಸಂಜೆ ಆರರಿಂದ ಜಾರಿಗೆ ಬರುತ್ತದೆ. ಸ್ಟೇಷನ್ನಿನ ಕಮಾನು ದಾಟುವಾಗ ನೋಡಿದೆ: ಗುಡಿಸಲುಗಳಲ್ಲಿ ಸೋಲಾರ್ ದೀಪ ಒಂದೊಂದಾಗಿ ಹತ್ತುತ್ತಿತ್ತು. ಒರತೆಯ ಹೆಂಗಸು ರಸ್ತೆಯ ಬದಿಗೆ ಬಂದು ನಿಂತಿದ್ದಳು. ಕೈ ಬೀಸಲಿಲ್ಲ, ದೊಡ್ಡಮ್ಮನೂ ಬೀಸಲಿಲ್ಲ. ನಮ್ಮ ಕಡೆ ದೋಣಿ ಇಳಿಸುವವರಿಗೆ ಕೈ ಬೀಸುವ ಕ್ರಮವಿಲ್ಲ.

ವಾಪಸು ಹೋಗುವಾಗ ರೈಲಿನಲ್ಲಿ ಎದುರು ಸೀಟಿನವರು ಮೂಗು ಮುರಿದು ಆಚೀಚೆ ನೋಡತೊಡಗಿದರು. ದೊಡ್ಡಮ್ಮನ ಚೀಲದಿಂದ ಒಣಮೀನಿನ ಘಾಟು. ತೆರೆದು ನೋಡಿದರೆ ಕರುವಾಡಿನ ಕಟ್ಟು ಬಿಚ್ಚಿಹೋಗಿ ಸೇತುವಿನ ಮರಳಿನ ಗಂಟಿಗೆ ಮೆತ್ತಿಕೊಂಡಿತ್ತು. ಮರಳೂ ಮೀನೂ ಒಂದೇ ವಾಸನೆ.

"ಇದನ್ನ ಗಂಗೆಗೆ ಬಿಡೋದು ಹೇಗೆ ದೊಡ್ಡಮ್ಮ?"

ಆಕೆ ಮರಳಿನ ಗಂಟನ್ನು ಕೊಡವಿ, ಇನ್ನೊಂದು ಸುತ್ತು ಬಿಗಿದು, ಮತ್ತೆ ಅದೇ ಚೀಲಕ್ಕೆ ತುರುಕಿದಳು. ಕೆಳಗೆ ಪಾಂಬನ್ನಿನ ನೀರು ಬಲವಾಗಿ ಎಳೆಯುತ್ತಿತ್ತು.

"ಎಂತ ಆತ್? ಗಂಗಿಯಂಗೂ ಮೀನ್ ಇತ್ತಲ್ದಾ!"